ನೆರಳಿನಲ್ಲಿ ನೀಳವಾದ ಗಿಡಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ದಪ್ಪ ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡಗಳನ್ನು ಕುಂಡಗಳಲ್ಲಿ ಬೆಳೆಸುವವರಿಗಾಗಿ ಕನ್ನಡದಲ್ಲಿ ಒಂದು ಕಿರುಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಒಂದು ಪದ ಸಿಗದೆ ಬರವಣಿಗೆ ನಿಂತಿದೆ. ಮೆಕ್ಸಿಕೋ ಮೂಲದ ಎಚೆವೇರಿಯಾದಂಥ ಗಿಡವನ್ನು ಬೆಳಕು ಸಾಲದ ಮೂಲೆಯಲ್ಲಿ ಇಟ್ಟರೆ, ತಾವರೆಯ ದಳಗಳಂತೆ ಒತ್ತೊತ್ತಾಗಿದ್ದ ಎಲೆಗಳು ಒಂದರಿಂದೊಂದು ದೂರ ಸರಿದು ಕೆಳಮುಖವಾಗುತ್ತವೆ, ಬಣ್ಣ ತಿಳಿಯಾಗುತ್ತದೆ, ಕಾಂಡವು ತೆಳ್ಳಗೆ ನೀಳವಾಗಿ ಕಿಟಕಿಯ ಕಡೆಗೆ ಬಾಗುತ್ತದೆ. ಇದನ್ನು ಸಸ್ಯಶಾಸ್ತ್ರದಲ್ಲಿ ಈಟಿಯೋಲೇಶನ್ ಎನ್ನುತ್ತಾರೆ. ಇದಕ್ಕೆ ಸಾಮಾನ್ಯ ಓದುಗರಿಗೆ ಒಪ್ಪುವ ಕನ್ನಡ ಪದ ಯಾವುದು?

ಮೊದಲು ಹೊಳೆಯುವುದು ‘ಸೊರಗು’. ಆದರೆ ನಮ್ಮ ಕೃಷಿ ಬರಹಗಳಲ್ಲಿ ‘ಸೊರಗು ರೋಗ’ ಎಂಬುದು ಗಿಡ ಬಾಡಿ ಸಾಯುವ ರೋಗಕ್ಕೆ ನೆಲೆನಿಂತ ಹೆಸರು, ಮತ್ತು ಗಿಡ ಸೊರಗಿದೆ ಎಂದು ಓದಿದವರು ಮೊದಲು ಮಾಡುವ ಕೆಲಸ ನೀರು ಹಾಕುವುದು. ಬೆಳಕಿಲ್ಲದ ಜಾಗದಲ್ಲಿ ಸಕ್ಯುಲೆಂಟ್‌ಗೆ ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ. ‘ಬಿಳಿಚಿಕೊಳ್ಳು’ ಎಂದರೆ ಪೋಷಕಾಂಶದ ಕೊರತೆಯೆಂದು ಭಾವಿಸಿ ಗೊಬ್ಬರ ಕೊಡುತ್ತಾರೆ, ಅದರಿಂದ ಗಿಡ ಇನ್ನಷ್ಟು ಉದ್ದವಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ರೈತರು ಹೇಳುವ ‘ಸೊಕ್ಕಿ ಬೆಳೆದಿದೆ’ ಎಂಬ ಮಾತು ನೀರು, ಗೊಬ್ಬರ ಅತಿಯಾದಾಗಿನ ಸ್ಥಿತಿಗೆ ಸಲ್ಲುತ್ತದೆ, ಇಲ್ಲಿರುವುದು ಕೊರತೆ. ‘ಪೀಚಲು’ ಹತ್ತಿರದ ಮಾತಾದರೂ ಅದು ನೋಟವನ್ನಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಗಿಡದ ಆರೈಕೆಯ ಬರಹದಲ್ಲಿ ಹೆಸರೇ ಅರ್ಧ ಚಿಕಿತ್ಸೆಯನ್ನು ಸೂಚಿಸಿಬಿಡುವುದರಿಂದ ಈ ಆಯ್ಕೆಯನ್ನು ಹಗುರವಾಗಿ ಮಾಡಲಾರೆ.

ಪದವು ಬರಿಯ ಉದ್ದವನ್ನು ಸೂಚಿಸಿದರೂ ಸಾಲದು. ಸೀಡಮ್ ಎಂಬ ಸಕ್ಯುಲೆಂಟ್‌ಗಳಲ್ಲಿ ಕೆಲವು ಸಹಜವಾಗಿಯೇ ಜೋಲುತ್ತವೆ. ಗ್ರ್ಯಾಪ್ಟೊಪೆಟಲಮ್ ಎಂಬ ಇನ್ನೊಂದು ಸಕ್ಯುಲೆಂಟ್‌ನ ಹಳೆಯ ಗಿಡಗಳಲ್ಲಿ ಕೆಳಗಿನ ಎಲೆಗಳು ಉದುರಿ ಕಾಂಡ ಬರಿದಾಗಿ ಕಾಣುತ್ತದೆ. ಅವು ಬೆಳಕಿನ ಕೊರತೆಯ ಲಕ್ಷಣಗಳಲ್ಲ. ಗುರುತು ಸಿಗುವುದು ಗೆಣ್ಣುಗಳ ನಡುವಿನ ಅಂತರದಲ್ಲಿ. ಕತ್ತಲಲ್ಲಿ ಕಾಂಡದ ಜೀವಕೋಶಗಳು ಸಂಖ್ಯೆಯಲ್ಲಿ ಹೆಚ್ಚುವುದಕ್ಕಿಂತ ಉದ್ದಕ್ಕೆ ಹಿಗ್ಗುವುದೇ ಹೆಚ್ಚಾದ್ದರಿಂದ ಆ ಅಂತರ ಹಿರಿದಾಗುತ್ತದೆ, ಹೀಗೆ ಒಮ್ಮೆ ಹಿಗ್ಗಿದ ಭಾಗ ಮತ್ತೆ ಬಿಸಿಲಿಗಿಟ್ಟರೂ ಕುಗ್ಗುವುದಿಲ್ಲ.

ಆದ್ದರಿಂದ ಪರಿಹಾರವೆಂದರೆ ಕತ್ತರಿಸಿ ಮತ್ತೆ ನೆಡುವುದು, ಆ ಕೆಲಸಕ್ಕೂ ಹೆಸರು ಹುಡುಕುವಾಗ ಎರಡನೆಯ ತೊಡಕು ಎದುರಾಗುತ್ತದೆ. ಗಿಡದ ತಲೆಯನ್ನು ಎರಡು ಮೂರು ಸೆಂಟಿಮೀಟರ್ ಕಾಂಡದೊಡನೆ ಕತ್ತರಿಸಿ, ಕೆಲವು ದಿನ ನೆರಳಿನಲ್ಲಿ ಒಣಗಿಸಿ, ನೀರು ಬೇಗ ಬಸಿಯುವ ಒರಟು ಮಣ್ಣಿನಲ್ಲಿ ನೆಡಬೇಕು. ಉಳಿದ ಮೋಟು ಕಾಂಡದಲ್ಲಿ ಸಾಮಾನ್ಯವಾಗಿ ಹೊಸ ಚಿಗುರುಗಳು ಒಡೆಯುತ್ತವೆ. ಇದನ್ನು ‘ಕುಡಿ ಚಿವುಟುವುದು’ ಎನ್ನಲು ಮನಸ್ಸು ಒಪ್ಪುತ್ತಿಲ್ಲ, ಏಕೆಂದರೆ ಸೇವಂತಿಗೆಯ ಕುಡಿ ಚಿವುಟುವವರು ಚಿವುಟಿದ ಕುಡಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಇಲ್ಲಿ ಕತ್ತರಿಸಿದ ತಲೆಯೇ ಮುಖ್ಯ ಗಿಡ. ಸದ್ಯಕ್ಕೆ ಹಾಗೆ ಕತ್ತರಿಸಿ ನೆಡುವ ತಲೆಯನ್ನು, ತಲೆ ಮತ್ತು ಕಡ್ಡಿ ಸೇರಿಸಿ, ‘ತಲೆಗಡ್ಡಿ’ ಎಂದು ಬರೆದಿದ್ದೇನೆ. ಕತ್ತರಿಸಿದ ಬಾಯಿ ಒಣಗಿ ಗಟ್ಟಿಯಾಗುವುದಕ್ಕೆ ಮಾತ್ರ ‘ಹಕ್ಕಳೆ ಕಟ್ಟುವುದು’ ಎಂಬ ಸೊಗಸಾದ ಮಾತು ನಮ್ಮಲ್ಲೇ ಇದೆ, ಅದನ್ನು ಬದಲಿಸುವ ಉದ್ದೇಶವಿಲ್ಲ.

ಮೊದಲ ಪದಕ್ಕೆ ನಾನು ಕಟ್ಟಿಕೊಂಡಿರುವುದು ‘ನೆರಳುನೀಳಿಕೆ’. ಕಾರಣ ಮತ್ತು ಪರಿಣಾಮ ಎರಡೂ ಅದರಲ್ಲಿವೆ, ‘ಗಿಡ ನೆರಳಿಗೆ ನೀಳಿದೆ’ ಎಂದು ಕ್ರಿಯಾಪದವಾಗಿಯೂ ಬಳಸಬಹುದು. ಆದರೂ ಹೊಸದಾಗಿ ಕಟ್ಟಿದ ಪದಕ್ಕಿಂತ ಬಳಕೆಯಲ್ಲಿರುವ ಪದ ಮೇಲೆಂದು ನಂಬುತ್ತೇನೆ. ರಾಗಿಯ ಒಟ್ಲು ಪಾತಿಯಲ್ಲಿ ಬೀಜ ದಟ್ಟವಾಗಿ ಬಿದ್ದು ಪೈರು ಬೆಳಕಿಗಾಗಿ ಮೇಲಕ್ಕೆ ಎಳೆದುಕೊಂಡಾಗ, ಅಥವಾ ನರ್ಸರಿಯಲ್ಲಿ ಟೊಮೆಟೊ ಸಸಿಗಳು ಹಾಗೆಯೇ ತೆಳುವಾಗಿ ಬೆಳೆದಾಗ, ನಿಮ್ಮ ಭಾಗದ ಕೃಷಿಕರು ಏನೆನ್ನುತ್ತಾರೆ? ತಿಳಿದವರು ಆ ಮಾತನ್ನು ಯಾವ ಜಿಲ್ಲೆಯಲ್ಲಿ, ಯಾವ ಬೆಳೆಯ ಬಗ್ಗೆ ಕೇಳಿದಿರಿ ಎಂಬುದರೊಡನೆ ತಿಳಿಸಿದರೆ ಕೈಪಿಡಿಯಲ್ಲಿ ಅದನ್ನೇ ಬಳಸುತ್ತೇನೆ. ‘ತಲೆಗಡ್ಡಿ’ಯ ಬಗ್ಗೆಯೂ ಆಕ್ಷೇಪಗಳಿದ್ದರೆ ದಯವಿಟ್ಟು ಬರೆಯಿರಿ.