ಮಲ್ಲೇಶ್ವರದ 50×80 ನಿವೇಶನ: ಒಂಬತ್ತು ಮನೆಯೋ, ಆರೋ?

ವಠಾರದ ಹಿರಿಮಗ

ನಮ್ಮ ತಾತ ಕಟ್ಟಿಸಿದ ವಠಾರ ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿದೆ. ಪೂರ್ವಕ್ಕೆ ರಸ್ತೆ, ಹಿಂದೆ ಕನ್ಸರ್ವೆನ್ಸಿ ಗಲ್ಲಿ (ಹಿಂದಿನ ಕಾಲದಲ್ಲಿ ಕಸ, ಮಲ ಸಾಗಿಸಲು ಬಿಟ್ಟಿದ್ದ ಓಣಿ), ಅಂಗಳದಲ್ಲಿ ಹಳೆಯ ಬಾವಿ. ಹೆಂಚು ಸೋರಿ, ಬಾಡಿಗೆಯವರೆಲ್ಲ ಬಿಟ್ಟುಹೋಗಿದ್ದಾರೆ. ನಾವು ನಾಲ್ವರು ಅಣ್ಣತಮ್ಮಂದಿರು ಅಪಾರ್ಟ್‌ಮೆಂಟ್ ಕಟ್ಟಿಸಲು ಒಪ್ಪಿದ್ದೇವೆ. ಬಿಲ್ಡರ್ ಒಬ್ಬರು ನಕ್ಷೆ ತಂದರು: ನೆಲದಲ್ಲಿ ಸ್ಟಿಲ್ಟ್ (ಕಾರು ನಿಲ್ಲಿಸಲು ಬರೀ ಕಂಬಗಳ ಅಂತಸ್ತು), ಮೇಲೆ ಮೂರು ಮಹಡಿ, ಮಹಡಿಗೆ ಮೂರು ಮನೆ. ನಮಗೆ ಐದು, ಅವರಿಗೆ ನಾಲ್ಕು. ಅಮ್ಮ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ನಡುವಿನ ಮನೆಗೆ ಬೆಳಕು ಎಲ್ಲಿಂದ?" ಎಂದು ಕೇಳಿದರು. "ಡಕ್ಟ್ ಇದೆಯಲ್ಲಮ್ಮ" ಎಂಬ ಉತ್ತರ ಬಂತು. ಆ ಡಕ್ಟ್, ಅಂದರೆ ಪೈಪಿಗೆ, ಗಾಳಿಗೆ ಎಂದು ತಳದಿಂದ ತಾರಸಿವರೆಗೆ ಬಿಡುವ ಕಿಂಡಿ, 4×5 ಅಡಿ. ಅಷ್ಟು ಸಾಕೇ? ಬಲ್ಲವರು ತಿಳಿಸಿ.

ಗಾರೆ ಗುದ್ದಲಿ

ವಾಸ್ತುಶಿಲ್ಪಿಯಾಗಿ ಹೇಳುತ್ತೇನೆ, ನಿಮ್ಮ ತಾಯಿಯವರಿಗೆ ನಕ್ಷೆ ಓದಲು ಬರುತ್ತದೆ. ಬಿಲ್ಡರ್‌ಗೆ ಬರುವುದು ಗುಣಾಕಾರ.

ಡಕ್ಟ್ ಇರುವುದು ಸ್ನಾನದ ಮನೆಗೆ, ಶೌಚಾಲಯಕ್ಕೆ. ಮಲಗುವ ಕೋಣೆ, ಅಡುಗೆಮನೆಗಳ ಕಿಟಕಿ ಅದಕ್ಕೆ ತೆರೆದುಕೊಳ್ಳಬಾರದು. ಒಳಗಿನ ಅಂಗಳದಿಂದಲೇ ಕೋಣೆಗೆ ಬೆಳಕು ತರಬೇಕಾದರೆ ಆ ಅಂಗಳ ಕನಿಷ್ಠ 3 ಮೀಟರ್ ಅಗಲವಿರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಪಕ್ಕದ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಇದೆಯಲ್ಲ ಎಂದು ಬಿಲ್ಡರ್ ವಾದಿಸಬಹುದು. ನಿಮ್ಮದು ನಾಲ್ಕಡಿ, ಪಕ್ಕದವರದು ನಾಲ್ಕಡಿ ಬಿಟ್ಟರೂ ಮೊದಲ ಮಹಡಿಯಲ್ಲಿ ಮಧ್ಯಾಹ್ನವೇ ದೀಪ ಹಾಕಬೇಕಾಗುತ್ತದೆ. ಪ್ಲೇಗ್ ಬಂದ ಕಾಲದಲ್ಲಿ ಪೇಟೆಯ ಇಕ್ಕಟ್ಟಿನಿಂದ ಪಾರಾಗಲಿ ಎಂದು ಜನರಿಗಾಗಿ ಬೆಳೆಸಿದ ಬಡಾವಣೆ ಇದು!

ಬೆಳಕಿನ ಮಾತು ಬಿಡಿ, ಕಾರು ಲೆಕ್ಕ ಹಾಕಿ. ಸೆಟ್‌ಬ್ಯಾಕ್ ಕಳೆದರೆ ನೆಲದಲ್ಲಿ ಉಳಿಯುವುದು ಸುಮಾರು 2,500 ಚದರಡಿ. ಮೆಟ್ಟಿಲು, ಲಿಫ್ಟ್, ಮೀಟರ್ ಬೋರ್ಡು, ಪಂಪಿನ ಜಾಗ ಹೋದರೆ 2,100. ಒಂದು ಕಾರು ನಿಲ್ಲಲು, ತಿರುಗಲು ಸೇರಿ 270ರಿಂದ 300 ಚದರಡಿ ಬೇಕು. ಏಳು ಕಾರು ಹಿಡಿಯುತ್ತವೆ. ಒಂಬತ್ತು ಹೇಗೆ ತೋರಿಸಿದ್ದಾರೆ ನೋಡಿ: ಒಂದರ ಹಿಂದೆ ಒಂದು ನಿಲ್ಲಿಸಿರುತ್ತಾರೆ. ಬೆಳಿಗ್ಗೆ ಏಳಕ್ಕೆ ಮಗುವನ್ನು ಶಾಲೆಗೆ ಬಿಡಬೇಕಾದವರು ಎದುರುಮನೆಯ ಗಂಟೆ ಒತ್ತುತ್ತಾರೆ. ಜಗಳ ಅಲ್ಲಿಂದ ಶುರು.

ಮಹಡಿಗೆ ಎರಡೇ ಮನೆ ಮಾಡಿ, ಮುಂದೊಂದು, ಹಿಂದೊಂದು. ನಡುವೆ ಮೆಟ್ಟಿಲು, ಲಿಫ್ಟ್, ಅವುಗಳ ಪಕ್ಕಕ್ಕೆ ಆಕಾಶಕ್ಕೆ ತೆರೆದ ಹತ್ತಡಿ ಅಗಲದ ಅಂಗಳ. ಹಿಂದಿನ ಮನೆಯ ಅಡುಗೆಮನೆ, ಯುಟಿಲಿಟಿ ಗಲ್ಲಿಯ ಕಡೆಗಿರಲಿ. ಮನೆಗೆ ಸುಮಾರು ಸಾವಿರ ಚದರಡಿ ಸಿಗುತ್ತದೆ. ಪಕ್ಕದ ಕಟ್ಟಡದ ಕಿಟಕಿಗಳು ಎಲ್ಲಿವೆ ಎಂದು ಅಳೆದುಕೊಂಡು ಬನ್ನಿ. ನಿಮ್ಮ ಕಿಟಕಿ ಅವುಗಳಿಗೆ ಮುಖಾಮುಖಿಯಾಗದಿರಲಿ.

ಎರಡನೇ ಮಹಡಿ

ನಾನು ಇಂಥದ್ದೇ ಡಕ್ಟಿನ ಮನೆಯಲ್ಲಿದ್ದೇನೆ. ಕೆಳಗಿನವರು ಒಗ್ಗರಣೆ ಹಾಕಿದರೆ ನಮ್ಮ ಬಚ್ಚಲಲ್ಲಿ ಸೀನು ಬರುತ್ತದೆ. ಪಾರಿವಾಳಕ್ಕೆ ಬಲೆ ಕಟ್ಟಿಸಿದೆವು, ಈಗ ಬಲೆಯ ಮೇಲೇ ಗೂಡು. ಪೈಪು ಸೋರಿದಾಗ ಪ್ಲಂಬರ್ ಒಳಗಿಳಿಯಲು ದಾರಿಯೇ ಇರಲಿಲ್ಲ. ನಮ್ಮ ಬಚ್ಚಲಿನ ಕಿಟಕಿಯ ಚೌಕಟ್ಟನ್ನೇ ಕಿತ್ತು ನುಸುಳಿದ. ಡಕ್ಟ್ ಎಷ್ಟೇ ಚಿಕ್ಕದಿರಲಿ, ತಳದಲ್ಲಿ ಒಂದು ಬಾಗಿಲು ಇಡಿಸಿ.

ಇನ್ನೊಂದು. ಲಿಫ್ಟಿನೊಳಗೆ ಸ್ಟ್ರೆಚರ್ ಹೋಗುತ್ತದೆಯೇ ಎಂದು ಕೇಳಿ. ನಮ್ಮದರಲ್ಲಿ ಹೋಗುವುದಿಲ್ಲ. ಮಾವನವರನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಕಟ್ಟಿ, ಮೆಟ್ಟಿಲಿನಲ್ಲಿ ಇಳಿಸಿದೆವು. ತಿರುವಿನಲ್ಲಿ ಕುರ್ಚಿಯ ಕಾಲು ಗೋಡೆಗೆ ಸಿಕ್ಕಿಕೊಂಡಿತು.

ಕಂಬ ತೊಲೆ

ಸ್ಟ್ರಕ್ಚರಲ್ ಎಂಜಿನಿಯರನ ಕಡೆಯಿಂದ ಎರಡು ಮಾತು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಕುಸಿದವು. ಅವುಗಳಲ್ಲಿ ಬಹಳಷ್ಟು, ಮೇಲೆ ಇಟ್ಟಿಗೆ ಗೋಡೆಯ ಬಿಗಿ, ಕೆಳಗೆ ಬರೀ ಕಂಬ ಇದ್ದಂಥವು. ಬೆಂಗಳೂರಿನ ಅಪಾಯ ಅಷ್ಟಿಲ್ಲ, ಆದರೂ ಸ್ಟಿಲ್ಟಿನ ಕಂಬಗಳನ್ನು ಮೇಲಿನವುಗಳಂತೆಯೇ ಲೆಕ್ಕ ಹಾಕಿ ಮುಗಿಸಬೇಡಿ, ಅವು ಇನ್ನೂ ಗಟ್ಟಿಯಿರಬೇಕು. ಲಿಫ್ಟಿನ ಸುತ್ತ ಕಾಂಕ್ರೀಟ್ ಗೋಡೆಯನ್ನು ಪಾಯದಿಂದಲೇ ಎಬ್ಬಿಸಿ. ಕಾರು ತಿರುಗಲು ಅಡ್ಡ ಎಂದು ಯಾವ ಕಂಬವನ್ನೂ ಪಾಯಕ್ಕೆ ಇಳಿಸದೆ ಮಧ್ಯದಲ್ಲೇ ನಿಲ್ಲಿಸಲು ಒಪ್ಪಬೇಡಿ.

ಬಾವಿ ಮುಚ್ಚಬೇಡಿ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ನಿಮ್ಮ ತಾರಸಿಯೊಂದೇ ಎರಡು ಲಕ್ಷ ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಹೊಸ ಕಟ್ಟಡಕ್ಕೆ ಮಳೆನೀರು ಕೊಯ್ಲು ಹೇಗೂ ಕಡ್ಡಾಯ. ಅಗೆದ ಗುಂಡಿ ಆಗಲೇ ಇದೆ.

ವಠಾರದ ಹಿರಿಮಗ

ಎಲ್ಲರಿಗೂ ವಂದನೆ. ಆರು ಮನೆಗೆ ಬಿಲ್ಡರ್ ಒಲ್ಲೆ ಎಂದರು, ನ್ಯಾಯವೇ. ನಾವೇ ಸಾಲ ಮಾಡಿ ಕಟ್ಟಿ, ಎರಡು ಮನೆ ಮಾರಿ ಸಾಲ ತೀರಿಸುವುದೆಂದು ಮಾತಾಗಿದೆ. ಕೊನೆಯ ತಮ್ಮ ಇನ್ನೂ ಗೊಣಗುತ್ತಿದ್ದಾನೆ. ಗುದ್ದಲಿಯವರೇ, ಒಂದು ಅನುಮಾನ: ನಡು ಅಂಗಳ ತೆರೆದಿದ್ದರೆ ಮಳೆ ನೇರ ಕಾರುಗಳ ಮೇಲೆ ಬೀಳುವುದಿಲ್ಲವೇ?

ಗಾರೆ ಗುದ್ದಲಿ

ಬೀಳಲಿ ಬಿಡಿ, ಅದರ ಕೆಳಗೆ ಕಾರು ಬೇಡ. ಆರು ಮನೆಗೆ ಆರು ಕಾರು, ಏಳನೆಯದರ ಜಾಗವನ್ನು ಅಂಗಳಕ್ಕೆ ಕೊಡಿ. ನೆಲಕ್ಕೆ ಒರಟು ಕಲ್ಲು ಹಾಸಿ, ಬಾವಿಯ ಕಡೆಗೆ ವಾಟ ಕೊಡಿ. ನೀರು ಬಾವಿಗಿಳಿಯುವ ಮೊದಲು ಜಲ್ಲಿ, ಮರಳಿನ ಸೋಸುಗುಂಡಿ ಇರಲಿ. ಕಾರಿನಿಂದ ಸುರಿದ ಎಣ್ಣೆ ಆ ಕಡೆ ಹರಿಯದಂತೆ ನಡುವೆ ನಾಲ್ಕಿಂಚಿನ ಕಟ್ಟೆ ಎಬ್ಬಿಸಿ. ಮುಂದೆ ನಿವಾಸಿಗಳ ಸಂಘದಲ್ಲಿ ಯಾರಾದರೂ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸೋಣ ಎಂದು ಎದ್ದೇ ಏಳುತ್ತಾರೆ. ಕೂಡದು ಎಂದು ಮಾರಾಟದ ಕರಾರಿನಲ್ಲೇ ಬರೆಸಿಬಿಡಿ. ಬಿಸಿಗಾಳಿ ಹೊರಗೆ ಹೋಗುವುದು ಅಲ್ಲಿಂದಲೇ.