ಅಪ್‌ಡೇಟ್: ಪ್ರೆಷರ್ ಪಂಪಿನ ಒತ್ತಡ ಇಳಿಯುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ನಲ್ಲಿಗಳೆಲ್ಲ ಮುಚ್ಚಿದ್ದರೂ ಕೆಂಗೇರಿಯ ನಮ್ಮ ಮನೆಯ ಪ್ರೆಷರ್ ಪಂಪು ರಾತ್ರಿಯಿಡೀ ತಾನೇ ಚಾಲೂ ಆಗುತ್ತದೆ, ಗೀಸರಿನ ಬಿಸಿನೀರೂ ಸಣ್ಣಗೆ ಬರುತ್ತದೆ, ಏಕೆ ಎಂದು ಇಲ್ಲಿ ಹಿಂದೆ ಕೇಳಿದ್ದೆ. ಗೋಡೆಯೊಳಗಿನ ಪೈಪು ಸೋರುತ್ತಿರಬಹುದು ಎಂದು ಹಲವರು ಹೇಳಿದ್ದಿರಿ. ಗೋಡೆ ಒಡೆಸುವ ಮುನ್ನ, ಮನೆಗೆ ನೀರು ಹೋಗುವ ವಾಲ್ವನ್ನು ಮುಚ್ಚಿ ನೋಡಿದೆವು. ಆಗಲೂ ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯಿತು! ಅಂದರೆ ಪೈಪಿನದು ತಪ್ಪಲ್ಲ. ನೀರು ಹಿಂದಕ್ಕೆ, ತಾರಸಿಯ ಟ್ಯಾಂಕಿಗೇ ಜಾರುತ್ತಿತ್ತು. ಪ್ಲಂಬರ್ ನಾನ್‌-ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್) ಬಿಚ್ಚಿದರೆ, ರಬ್ಬರಿನ ಅಂಚಿಗೆ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಅಕ್ಕಿಕಾಳಿನ ದಪ್ಪಕ್ಕೆ ಕಟ್ಟಿತ್ತು. ಹೊಸದು ಹಾಕಿಸಿದೆ.

ಪಂಪಿಗೆ ಜೋಡಿಸಿದ, ಒತ್ತಡ ಹಿಡಿದಿಡುವ ಪ್ರೆಷರ್ ಟ್ಯಾಂಕಿನ ಗಾಳಿಯ ಒತ್ತಡವನ್ನೂ ನೋಡಿಸಿದೆ. ನೀರನ್ನು ಪೂರ್ತಿ ಖಾಲಿ ಮಾಡಿಯೇ ಅಳೆಯಬೇಕು, ಇದನ್ನು ದಯವಿಟ್ಟು ಮರೆಯಬೇಡಿ. ನಮ್ಮ ಪಂಪು ಚಾಲೂ ಆಗುವುದು ಒತ್ತಡ 1.5 ಬಾರ್‌ಗೆ ಇಳಿದಾಗ, ಗಾಳಿಯನ್ನು ಅದಕ್ಕಿಂತ ತುಸು ಕಡಿಮೆ, 1.3ಕ್ಕೆ ನಿಲ್ಲಿಸಿದರು. ಮುಳ್ಳು ಈಗ ಕದಲುತ್ತಿಲ್ಲ. ಬಿಸಿನೀರು ಮಾತ್ರ ಇನ್ನೂ ಸಣ್ಣಗೇ ಇದೆ, ಗೀಸರನ್ನು ಭಾನುವಾರ ಬಿಚ್ಚಿಸುತ್ತೇನೆ.