ಸಹಾಯ ಬೇಕು: ದೂರದ ಶಾಖೆಗಳ ಹೊಸ ಗುಮಾಸ್ತರಿಗೆ ಆನ್‌ಲೈನ್ ತರಬೇತಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಕಡೆಯ ಒಂದು ಪತ್ತಿನ ಸಹಕಾರ ಸಂಘ. ಹೊಸ ಗುಮಾಸ್ತರನ್ನು ಪದೇ ಪದೇ ಹೆಡ್ ಆಫೀಸಿಗೆ ಕರೆಸಿದರೆ ಶಾಖೆಯಲ್ಲಿ ಕೌಂಟರ್ ಖಾಲಿ. ಅದಕ್ಕೇ ತರಬೇತಿ ಕೈಪಿಡಿಯನ್ನು ಗೂಗಲ್ ಡಾಕ್ಸ್‌ನಲ್ಲಿ ಎಲ್ಲರೂ ಸೇರಿ ಬರೆಯೋಣ ಅಂತ ಹೊರಟಿದ್ದೇನೆ. ಕೆವೈಸಿ ಪರಿಶೀಲನೆ, ಚಿನ್ನದ ಸಾಲದ ಕಾಗದಪತ್ರ, ಸಂಜೆ ನಗದು ತಾಳೆ ನೋಡುವುದು, ಹೀಗೆ ಒಂದೊಂದಕ್ಕೆ ಒಂದೊಂದು ಪುಟ.

ತಾಂತ್ರಿಕವಾಗಿ ತೊಡಕಿಲ್ಲ. ಯಾರಾದರೂ ಏನಾದರೂ ಅಳಿಸಿದರೆ ವರ್ಷನ್ ಹಿಸ್ಟರಿಯಿಂದ ವಾಪಸ್ ತರಬಹುದು. ಹೊಸಬರಿಗೆ ಕಾಮೆಂಟರ್ ಅನುಮತಿ ಕೊಟ್ಟರೆ ಅವರು ತಿದ್ದಿದ್ದು ಸಲಹೆಯಾಗಿ ಮಾತ್ರ ಕಾಣುತ್ತದೆ, ಒಪ್ಪುವುದು ಬಿಡುವುದು ನಮ್ಮ ಕೈಲಿ. ವಿಡಿಯೊ ಪಾಠಕ್ಕೆ ಗೂಗಲ್ ಮೀಟ್‌ನ ಉಚಿತ 60 ನಿಮಿಷವೂ ಧಾರಾಳ ಸಾಕು.

ಕಷ್ಟ ಬೇರೆ ಕಡೆ ಇದೆ. ಮ್ಯಾನೇಜರ್ ಸಾಹೇಬರು ನೋಡುವ ಫೈಲಿನಲ್ಲಿ ಯಾರೂ ಒಂದಕ್ಷರ ಬರೆಯುವುದಿಲ್ಲ. ಅದೇ ಸಂಶಯವನ್ನು ರಾತ್ರಿ ವಾಟ್ಸಾಪ್‌ನಲ್ಲಿ ನನಗೆ ಒಬ್ಬೊಬ್ಬರಾಗಿ ಕೇಳುತ್ತಾರೆ! ಒಂದೇ ಉತ್ತರವನ್ನು ಎಷ್ಟು ಸಲ ಟೈಪ್ ಮಾಡಲಿ?

ಹೆಸರಿಲ್ಲದೆ ಪ್ರಶ್ನೆ ಹಾಕಲು ಇಮೇಲ್ ಕೇಳದ ಗೂಗಲ್ ಫಾರ್ಮ್ ಒಳ್ಳೆಯದೋ, ಎಲ್ಲರೂ ಚೀಟಿ ಅಂಟಿಸುವಂಥ ಆನ್‌ಲೈನ್ ಫಲಕ ಪ್ಯಾಡ್ಲೆಟ್ ಒಳ್ಳೆಯದೋ? ಬಳಸಿದವರು ಹೇಳಿ. ಮೇಲಿನವರನ್ನು ಫೈಲಿನಿಂದ ಹೊರಗಿಡುವುದೇ ಮೇಲು ಅಂತ ನನ್ನ ಅನಿಸಿಕೆ, ಆದರೆ ಅದನ್ನು ಅವರಿಗೆ ಹೇಳುವುದು ಹೇಗೆ?

ಇನ್ನೊಂದು: ಅನುಭವಿ ಕ್ಯಾಷಿಯರ್‌ಗಳಿಗೆ ಕನ್ನಡ ಟೈಪಿಂಗ್ ಬಾರದು. ಫೋನಿನ ಗೂಗಲ್ ಕೀಬೋರ್ಡ್ ಜಿಬೋರ್ಡ್‌ನಲ್ಲಿ ಮಾತಾಡಿ ಬರೆಸಬಹುದು, ಆದರೆ ಕೌಂಟರ್ ಗದ್ದಲದಲ್ಲಿ ಅದು ನಡೆಯುತ್ತದೆಯೇ? ಕೈಪಿಡಿಗೆ ಹಾಕಲು ಮಾದರಿ ಅರ್ಜಿ ಇದ್ದವರು ದಯವಿಟ್ಟು ಕಳಿಸಿ, ಸದಸ್ಯರ ಹೆಸರು, ಆಧಾರ್ ಸಂಖ್ಯೆ ತೆಗೆದು.